ಸಂಶೋಧನ ಪ್ರಬಂಧದ ಮೇರೆ

ಶ್ರದ್ಧೆಯುಳ್ಳ ವಿದ್ಯಾರ್ಥಿಯ ಪ್ರಬಂಧವೂ ಅರ್ಧದಲ್ಲಿ ನಿಲ್ಲುವುದುಂಟು. ವಿಷಯಕ್ಕೆ ಮೇರೆ ಹಾಕಿಕೊಳ್ಳದಿರುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ. ‘ಕರ್ನಾಟಕದ ಕೆರೆಗಳು’ ಎಂಬುದು ಒಂದು ಆಯುಷ್ಯದ ಕೆಲಸ. ‘ಒಂದು ತಾಲ್ಲೂಕಿನ ಹೊಯ್ಸಳ ಶಾಸನಗಳಲ್ಲಿ ಕೆರೆ’ ಎಂಬುದು ಒಂದು ವರ್ಷದ ಕೆಲಸ. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಮೈಸೂರು ಸೀಮೆಯ ಶಾಸನಗಳು ತಾಲ್ಲೂಕುವಾರು ಜೋಡಣೆಗೊಂಡಿರುವುದರಿಂದ ಇಂತಹ ಮೇರೆ ಸುಲಭಸಾಧ್ಯ.

ಮೊದಲು ಪ್ರತಿಯೊಂದು ಶಾಸನಕ್ಕೂ ಸ್ಥಳ, ಕಾಲ, ದಾನಿ, ದತ್ತಿಗಳನ್ನು ಗುರುತಿಸಿದ ಚೀಟಿಯೊಂದನ್ನು ಬರೆದುಕೊಳ್ಳತಕ್ಕದ್ದು. ಅನುವಾದವೊಂದನ್ನೇ ನೆಚ್ಚದೆ ಮೂಲಪಾಠವನ್ನು ಓದಬೇಕು. ‘ಬಿತ್ತುವಟ್ಟ’ವು ಕೆರೆಗೆ ಸಂಬಂಧಿಸಿದ ದತ್ತಿ, ಅನುವಾದದಲ್ಲಿ ಅದು ಬರಿಯ ಭೂದಾನವಾಗಿಬಿಟ್ಟರೆ ಕೆರೆಯ ಸುಳಿವೇ ತಪ್ಪಿಹೋಗುತ್ತದೆ. ಗತಶಕವರ್ಷಕ್ಕೆ 78 ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತವರ್ಷ ದೊರೆಯುತ್ತದೆ. ಮಾಘ, ಫಾಲ್ಗುಣ ಮಾಸಗಳಾದರೆ 79 ಕೂಡಿಸಬೇಕು. ಸಂವತ್ಸರದ ಹೆಸರಿನೊಡನೆ ತಾಳೆನೋಡದೆ ಕಾಲವನ್ನು ನಿರ್ಧರಿಸಲಾಗದು.

ಬರೆಯುವಾಗ ಶಾಸನವು ಹೇಳಿದುದನ್ನೂ ನಾವು ಊಹಿಸಿದುದನ್ನೂ ಬೇರೆ ಬೇರೆ ವಾಕ್ಯಗಳಲ್ಲಿರಿಸಬೇಕು. ಶಾಸನದಲ್ಲಿ ಕೆರೆಯ ಪ್ರಸ್ತಾಪವಿಲ್ಲದಿದ್ದ ಮಾತ್ರಕ್ಕೆ ಊರಿನಲ್ಲಿ ಕೆರೆಯೇ ಇರಲಿಲ್ಲವೆಂದು ಹೇಳಲಾಗದು. ಇಂದಿನ ವಿದ್ಯಾರ್ಥಿಯು ಊಹೆಯನ್ನು ಸಂಗತಿಯೆಂದು ಬರೆದರೆ, ನಾಳಿನವನು ಅದನ್ನೇ ಆಧಾರವೆಂದು ಉದ್ಧರಿಸುವನು. ಅಧ್ಯಾಪಕನು ತಿದ್ದಬೇಕಾದುದು ಭಾಷೆಗಿಂತ ಮೊದಲು ಇದನ್ನು.