ಪುನರ್ಪುಳಿ ತುಪ್ಪದಿಂದ ಪ್ರಯೋಗಾಲಯದವರೆಗೆ

ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಒಡೆದ ಹಿಮ್ಮಡಿಗೆ ಪುನರ್ಪುಳಿ ಬೀಜದ ತುಪ್ಪವನ್ನು ಹಚ್ಚುವುದು ಹಿರಿಯರ ರೂಢಿ. ಆ ತುಪ್ಪದ ಗಟ್ಟಿತನಕ್ಕೆ ಮುಖ್ಯ ಕಾರಣ ಅದರಲ್ಲಿ ಅರ್ಧಕ್ಕೂ ಮಿಕ್ಕಿರುವ ಸ್ಟಿಯರಿಕ್ ಆಮ್ಲ. ಇದು 18 ಇಂಗಾಲದ ಪರಮಾಣುಗಳ ಸರಪಳಿಯುಳ್ಳ ಸಂತೃಪ್ತ ಕೊಬ್ಬಿನ ಆಮ್ಲ. ಅಡಿಕೆ ತೋಟದ ನಡುವೆ ಬೆಳೆಯುವ ಕೊಕ್ಕೋದ ಬೆಣ್ಣೆಯಲ್ಲಿಯೂ ಇದು ಸುಮಾರು ಮೂರನೆಯ ಒಂದು ಪಾಲಿದೆ. ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆ 1986ರಿಂದ ಈ ಕೊಕ್ಕೋವನ್ನು ಚಾಕೊಲೇಟ್ ಆಗಿಸುತ್ತಿದೆ.

ಮಾತ್ರೆಯ ಪುಡಿ ಯಂತ್ರಕ್ಕೆ ಅಂಟದಿರಲು ಇದೇ ಆಮ್ಲದ ಮೆಗ್ನೀಸಿಯಂ ಲವಣವನ್ನು ಬೆರೆಸುತ್ತಾರೆ. ನೀರಿನಲ್ಲಿ ಕರಗದ ಔಷಧಗಳನ್ನು ಸ್ಟಿಯರಿಕ್ ಆಮ್ಲದ ಅತಿಸೂಕ್ಷ್ಮ ಕಣಗಳಲ್ಲಿ ಅಡಗಿಸಿ, ದೇಹದೊಳಗೆ ನಿಧಾನವಾಗಿ ಬಿಡುಗಡೆಗೊಳಿಸುವ ಸಂಶೋಧನೆಗಳೂ ನಡೆದಿವೆ.

ಇತರ ಸಂತೃಪ್ತ ಕೊಬ್ಬುಗಳಂತೆ ಈ ಆಮ್ಲವು ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸುವುದಿಲ್ಲವೆಂದು ಆಹಾರ ಅಧ್ಯಯನಗಳು ತೋರಿಸಿವೆ. ದೇಹವು ಇದರ ಒಂದಂಶವನ್ನು ಓಲಿಯಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಹಾಗೆಂದು ಚಾಕೊಲೇಟ್ ಔಷಧವಾಗದು. ಕೊಕ್ಕೋ ಬೆಣ್ಣೆಯಲ್ಲಿ ಕೊಲೆಸ್ಟರಾಲನ್ನು ಏರಿಸುವ ಪಾಮಿಟಿಕ್ ಆಮ್ಲವೂ ಇದೆ, ಚಾಕೊಲೇಟಿನಲ್ಲಿ ಸಕ್ಕರೆಯೂ ಸೇರಿರುತ್ತದೆ. ಆದುದರಿಂದ ಹೃದ್ರೋಗವುಳ್ಳ ಸದ್ಭಕ್ತರು ಇಂತಹ ಸುದ್ದಿಯನ್ನು ಓದಿ ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಬಾರದು. ತುಪ್ಪ ಹಿಮ್ಮಡಿಗಿರಲಿ, ಸಿಹಿ ಮಿತವಾಗಿರಲಿ.