ಎರೆಯ ಕೆಸರೂ ನಮ್ಮ ಪಾದರಕ್ಷೆಯೂ

ಹಿಮ ಬೀಳುವ ದೇಶಗಳಲ್ಲಿ ಜನರು ಜಾಲರಿಯಂತೆ ಹೆಣೆದ ಅಗಲವಾದ ಹಿಮಪಾದುಕೆಗಳನ್ನು ಕಾಲಿಗೆ ಕಟ್ಟಿಕೊಂಡು ನಡೆಯುವರೆಂದು ನಮ್ಮ ಹುಡುಗಿಯರು ಭೂಗೋಲದಲ್ಲಿ ಓದುತ್ತಾರೆ. ದೇಹದ ಭಾರವು ಹೆಚ್ಚು ಸ್ಥಳದ ಮೇಲೆ ಹರಡುವದರಿಂದ ಕಾಲು ಹೂತುಹೋಗುವದಿಲ್ಲ. ವಿಜಯಪುರ ಸೀಮೆಯಲ್ಲಿ ಹಿಮವಿಲ್ಲ; ವರ್ಷದ ಮಳೆಯೂ ಸುಮಾರು 600 ಮಿಲಿಮೀಟರು ಮಾತ್ರ. ಆದರೂ ಸಪ್ಟೆಂಬರದ ಮಳೆ ಹಿಡಿದಾಗ ಟಿಕೋಟಾ, ಬಬಲೇಶ್ವರಗಳ ಕಡೆಯ ಎರೆಹೊಲವನ್ನು ದಾಟಿದವರಿಗೆ ಕಾಲು ಹೂಳುವದೆಂದರೇನೆಂಬದನ್ನು ಬೇರೆ ವಿವರಿಸಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ, ತಡವಾಗಿ ಬಂದ ಹುಡುಗಿಯೊಬ್ಬಳನ್ನು ನಾನು ಬಾಗಿಲಲ್ಲಿಯೇ ನಿಲ್ಲಿಸಿ ಗದರಿಸಿದೆನು. ಮೊಳಕಾಲವರೆಗೆ ಕೆಸರು, ಕೈಯಲ್ಲಿ ಒಂದೇ ಚಪ್ಪಲಿ. ಆ ಶನಿವಾರ ಅವಳ ತಾಯಿಯನ್ನು ಕಾಣಲು ಬಸ್ಸಿಳಿದು ಅವರ ಹೊಲದ ಮನೆಗೆ ಹೊರಟೆನು. ಇಪ್ಪತ್ತು ಹೆಜ್ಜೆಯೊಳಗಾಗಿ ನನ್ನ ಬೂಟುಗಳು ಗುಂಡುಕಲ್ಲಿನಂತಾದವು. ಇನ್ನಷ್ಟು ಹೋಗಲು, ಎಡಗಾಲು ಬಂತು, ಬೂಟು ಬರಲಿಲ್ಲ. ಆ ತಾಯಿ ಓಡಿಬಂದು, "ಅಕ್ಕಾರ, ಕಾಲ ಜಗ್ಗಬ್ಯಾಡ್ರಿ, ಹಿಮ್ಮಡ ತಿರುವ್ರಿ" ಎಂದರು. ನಾನು ಗದರಿಸಿದ ಮಾತನ್ನು ಅವರು ಎತ್ತಲೇ ಇಲ್ಲ.

ಅವರ ಮಾತಿನಲ್ಲಿ ಶಾಸ್ತ್ರವೇ ಇದೆ. ಕಾಲನ್ನು ನೆಟ್ಟಗೆ ಮೇಲಕ್ಕೆಳೆದರೆ ಅಂಗಾಲಿನ ಕೆಳಗೆ ಗಾಳಿ ಹೋಗಲಾರದೆ ಮಣ್ಣು ಹೀರಿಹಿಡಿಯುವದು. ಹಿಮ್ಮಡವನ್ನು ಮೆಲ್ಲಗೆ ಅತ್ತಿತ್ತ ತಿರುವಿ ಮೊದಲು ಅದನ್ನೇ ಎತ್ತಿದರೆ ಸಂದಿನಿಂದ ಗಾಳಿ ಹೊಕ್ಕು ಕಾಲು ಬಿಡುವದು. ಪಟ್ಟಿ ಹರಿದರೆ ಅರಿವೆಯ ಚೂರನ್ನು ಅಟ್ಟೆಯ ಕೆಳಗಿನಿಂದ ತಂದು ಪಾದದ ಮೇಲೆ ಕಟ್ಟಬೇಕು.

ಎರೆಯು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾದ ಕರಿಕಲ್ಲು ಸವೆದು ಉಂಟಾದ ಮಣ್ಣು. ಅದರ ಜೇಡಿಯ ಕಣಗಳು ಪದರುಪದರಾಗಿದ್ದು, ನೀರು ನಡುವೆ ಹೊಕ್ಕೊಡನೆ ಉಬ್ಬುವವು. ಬೇಸಿಗೆಯಲ್ಲಿ ನೆಲ ಬಿರಿಯುವದೂ ಇದರಿಂದಲೇ. ನೀರು ಹಿಡಿದಿಡುವ ಈ ಗುಣದಿಂದಲೇ ಹಿಂಗಾರಿಯ ಬಿಳಿಜೋಳ ಬರುವದಾದ್ದರಿಂದ ಮಣ್ಣನ್ನು ದೂರಲಾರೆವು. ತೀರ ನೀರಾದ ರಾಡಿಗಿಂತ ಅರೆ ಆರಿದ ಮಣ್ಣೇ ಹೆಚ್ಚು ಅಂಟುವದೆಂಬದನ್ನು ನೆನಪಿಡತಕ್ಕದ್ದು. ಮಳೆ ನಿಂತಿತೆಂದು ಹೊರಟವರೇ ಮೋಸಹೋಗುತ್ತಾರೆ.

ಹಿಮದಲ್ಲಿ ಅಗಲವಾದ ಪಾದುಕೆ ರಕ್ಷಿಸುವದು. ಇಲ್ಲಿ ಅಟ್ಟೆ ಅಗಲವಾದಷ್ಟೂ ಮಣ್ಣು ಹೆಚ್ಚು ಮೆತ್ತುವದು. ಆದಕಾರಣ ಹಿಮಪಾದುಕೆಯ ಕೆಲಸವನ್ನು ದಾರಿಯಿಂದಲೇ ಮಾಡಿಸಬೇಕು: ತಗ್ಗಿನಲ್ಲಿ ಜೋಳದ ಹಳೆಯ ಕಣಕಿಯನ್ನು ಅಡ್ಡಡ್ಡ ಹಾಸಿದರೆ ಭಾರ ಹರಡುವದು. ಹುಲ್ಲಿರುವ ಬದುವನ್ನು ಹಿಡಿದು ನಡೆಯುವದು ಇನ್ನೂ ಲೇಸು. ಮೆತ್ತಿದ ಮಣ್ಣನ್ನು ತೆಳ್ಳಗಿರುವಾಗಲೇ ಕಡ್ಡಿಯಿಂದ ಕೆರೆಯಬೇಕು. ಬರಿಗಾಲು ಹಗುರವೇನೋ ನಿಜ, ಆದರೆ ರಾಡಿಯೊಳಗಿನ ಜಾಲಿಮುಳ್ಳು ಕಾಣುವದಿಲ್ಲ. ಚುಚ್ಚಿದರೆ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿಗಾಗಿ ವೈದ್ಯರಲ್ಲಿಗೆ ಹೋಗತಕ್ಕದ್ದು. ಹಳ್ಳಕ್ಕೆ ನೀರು ಬಂದ ದಿನ ಮಾತ್ರ ಯಾವ ಉಪಾಯವೂ ಬೇಡ. ಮಗಳು ಮನೆಯಲ್ಲಿಯೇ ಇರಲಿ. ಗೈರುಹಾಜರಿಯನ್ನು ನಾನು ನೋಡಿಕೊಳ್ಳುವೆನು.

ಈಗ ಮಳೆಗಾಲದಲ್ಲಿ ಶಾಲೆಯ ಬಾಗಿಲಲ್ಲಿ ಒಂದು ಕೊಡ ನೀರು, ಬಿದಿರಿನ ಕಡ್ಡಿಗಳು, ಒಂದು ಗೋಣಿತಟ್ಟು ಇರುವವು. ಪಾಲಕರು ಮಗಳ ಚೀಲದಲ್ಲಿ ಒಣಗಿದ ಚಪ್ಪಲಿಯ ಇನ್ನೊಂದು ಜೊತೆಯನ್ನೂ ಕಾಲೊರೆಸುವ ಅರಿವೆಯನ್ನೂ ಇಟ್ಟು ಕಳಿಸಬೇಕಾಗಿ ಬಿನ್ನಹ.