ಜಮಖಾನೆಯ ಕಲೆ ಮತ್ತು ಅದನ್ನು ತೆಗೆಯುವ ಬಗೆ

ನಮ್ಮ ಭಾಗದ ಮನೆಗಳಲ್ಲಿ ಜಮಖಾನೆಯೆಂದರೆ ಬರಿಯ ಹಾಸುಗೆಯಲ್ಲ. ಬೀಗರು ಬಂದರೆ ಮೊದಲು ಜಮಖಾನೆ ಹಾಸುತ್ತೇವೆ. ಮದುವೆಯ ಮಾತುಕತೆ, ಭಜನೆ, ಮಕ್ಕಳ ಅಭ್ಯಾಸ ಎಲ್ಲವೂ ಅದರ ಮೇಲೆಯೇ ನಡೆಯುತ್ತವೆ. ನವಲಗುಂದದ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದ ಜಮಖಾನೆಯಾಗಲಿ, ಸಂತೆಯಲ್ಲಿ ಕೊಂಡ ಸಾದಾ ಜಮಖಾನೆಯಾಗಲಿ, ಸರಿಯಾಗಿ ನೋಡಿಕೊಂಡರೆ ಬಹುಕಾಲ ಬಾಳುತ್ತದೆ. ಇಷ್ಟು ಬಳಕೆಯ ವಸ್ತುವಿಗೆ ಕಲೆ ತಗಲುವುದೂ ಸಹಜವೇ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಜಮಖಾನೆಯ ಮೇಲೆ ಸಾರು ಚೆಲ್ಲಿತು. ನಾವು ಅವಸರದಿಂದ ಬಟ್ಟೆ ಸಾಬೂನು ಹಚ್ಚಿ ಉಜ್ಜಿದೆವು. ಹಳದಿ ಕಲೆ ನೋಡನೋಡುತ್ತಿರುವಂತೆ ಕೆಂಪಾಯಿತು! ಗಾಬರಿಗೊಂಡು ಬ್ರಶ್ ಹಿಡಿದು ಇನ್ನಷ್ಟು ಉಜ್ಜಿದೆವು. ಕಲೆ ಹೋಗಲಿಲ್ಲ; ನೂಲು ಮಾತ್ರ ಸವೆಯಿತು. ಅರಿಷಿಣದಲ್ಲಿರುವ ಕುರ್ಕುಮಿನ್ ಎಂಬ ಬಣ್ಣವು ಕ್ಷಾರ ಸೋಕಿದರೆ ಕೆಂಪಾಗುತ್ತದೆ. ವಿಜ್ಞಾನದ ಶಿಕ್ಷಕರು ಪಕ್ಕದ ತರಗತಿಯಲ್ಲಿ ಅರಿಷಿಣದ ಕಾಗದವನ್ನು ಸಾಬೂನು ನೀರಿಗೆ ಅದ್ದಿ ತೋರಿಸುವುದು ಇದನ್ನೇ. ಆ ಪಾಠ ನಮಗೆ ಮನೆಯಲ್ಲಿ ನೆನಪಾಗಲಿಲ್ಲ! ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿದ್ದರೆ ಸಾಕಿತ್ತು. ಆ ಬಣ್ಣವು ಬಿಸಿಲಿನಲ್ಲಿ ತಾನಾಗಿಯೇ ಮಾಸುತ್ತ ಬರುತ್ತದೆ.

ಆದುದರಿಂದ ಕಲೆ ಯಾವುದರದೆಂದು ಮೊದಲು ತಿಳಿಯಬೇಕು. ಕಲೆ ಯಾವುದೇ ಇರಲಿ, ಚೆಲ್ಲಿದ ಕೂಡಲೆ ಒಣ ಅರಿವೆಯಿಂದ ಒತ್ತಿ ಹೀರಿಸಬೇಕು, ಉಜ್ಜಬಾರದು. ಉಜ್ಜಿದರೆ ಕಲೆಯು ನೂಲಿನ ಒಳಕ್ಕೆ ಇಳಿಯುತ್ತದೆ. ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತ ಹೋದರೆ ಕಲೆ ಹರಡುವುದಿಲ್ಲ. ಯಾವ ಔಷಧವನ್ನೇ ಆಗಲಿ, ಮೊದಲು ಜಮಖಾನೆಯ ಮೂಲೆಯಲ್ಲಿ ಒಂದು ಹನಿ ಹಾಕಿ, ಅದರ ಬಣ್ಣ ಬಿಡುವುದೋ ಎಂದು ಪರೀಕ್ಷಿಸತಕ್ಕದ್ದು.

ಎಣ್ಣೆ ಚೆಲ್ಲಿದರೆ ನೀರು ಹಾಕಬಾರದು. ಒಣ ಹಿಟ್ಟು ಇಲ್ಲವೆ ಸೀಮೆಸುಣ್ಣದ ಪುಡಿ ಉದುರಿಸಿ ಒಂದು ತಾಸು ಬಿಡಬೇಕು. ಪುಡಿಯು ಎಣ್ಣೆಯನ್ನು ಹೀರಿದ ಮೇಲೆ ಝಾಡಿಸಿ, ಉಳಿದುದಕ್ಕೆ ಸಾಬೂನು ನೀರು ಹಚ್ಚಬೇಕು. ಸಾಬೂನಿನ ಕಣದ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದರಿಂದ ಎಣ್ಣೆಯು ನೀರಿನೊಡನೆ ಹೊರಬರುತ್ತದೆ.

ರಕ್ತಕ್ಕೆ ತಣ್ಣೀರೇ ಆಗಬೇಕು. ಬಿಸಿನೀರಿನಲ್ಲಿ ತತ್ತಿ ಗಟ್ಟಿಯಾಗುವಂತೆ ರಕ್ತದ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಚಹಾದಲ್ಲಿಯೂ ಹಾಲಿರುವುದರಿಂದ ತಣ್ಣೀರಿನಿಂದಲೇ ತೊಡಗಿ, ಬಳಿಕ ಬಟ್ಟೆ ತೊಳೆಯುವ ಪುಡಿಯ ತೆಳುವಾದ ನೀರು ಹಚ್ಚುವುದು ಒಳ್ಳೆಯದು. ಬಾಲ್‌ಪೆನ್ನಿನ ಮಸಿ ನೀರಿಗೆ ಜಗ್ಗುವುದಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒತ್ತಬೇಕು. ಅದು ಬೇಗ ಹೊತ್ತಿಕೊಳ್ಳುವ ವಸ್ತುವಾದುದರಿಂದ ಒಲೆ, ದೀಪಗಳು ಹತ್ತಿರ ಇರಬಾರದು.

ಒಂದು ಎಚ್ಚರಿಕೆ. ಬ್ಲೀಚಿಂಗ್ ಪುಡಿಯ ನೀರಿಗೆ ಆ್ಯಸಿಡ್ ಆಗಲಿ, ಲಿಂಬೆರಸವಾಗಲಿ ಎಂದೂ ಬೆರೆಸಬಾರದು. ಅದರಿಂದ ಹೊರಡುವ ಕ್ಲೋರಿನ್ ಅನಿಲವು ವಿಷ. ಉಣ್ಣೆಯ ಹಾಸಿಗೆಗಂತೂ ಬ್ಲೀಚನ್ನು ಮುಟ್ಟಿಸಲೇಬಾರದು, ಉಣ್ಣೆಯೇ ಹಾಳಾಗುತ್ತದೆ. ತೊಳೆದ ಜಮಖಾನೆಯನ್ನು ಎರಡೂ ಮಗ್ಗಲು ಪೂರ್ತಿ ಒಣಗಿಸದೆ ಮಡಿಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ಇಷ್ಟೆಲ್ಲ ಹೇಳಿದರೂ ಮುಖ್ಯವಾದ ಮಾತು ಬೇರೆಯೇ ಇದೆ. ಮಸಿ ಚೆಲ್ಲಿದ ಹುಡುಗನೊಬ್ಬನು ಹೆದರಿ, ಅದರ ಮೇಲೆ ಪಾಟಿಚೀಲವಿಟ್ಟು ಸುಮ್ಮನೆ ಕುಳಿತಿದ್ದುದನ್ನು ನಾವು ಕಂಡಿದ್ದೇವೆ. ಮರುದಿನ ಚೀಲ ಎತ್ತಿದಾಗ ಮಸಿ ಒಣಗಿ ಹೋಗಿತ್ತು. ಆಗಲೇ ಹೇಳಿದ್ದರೆ ಒಂದು ತಂಬಿಗೆ ತಣ್ಣೀರಿನಲ್ಲಿ ಬಹುಪಾಲು ಹೋಗುತ್ತಿತ್ತು. ಕಲೆಯನ್ನು ಹಟಮಾರಿಯನ್ನಾಗಿ ಮಾಡುವುದು ಬಹುಮಟ್ಟಿಗೆ ನಾವು ಕಳೆಯುವ ಹೊತ್ತು.

ವಿದ್ಯಾರ್ಥಿಗಳೇ, ಚೆಲ್ಲಿದರೆ ಕೂಡಲೆ ಹೇಳಿರಿ. ಪಾಲಕರಲ್ಲಿಯೂ ನಮ್ಮದೊಂದು ವಿನಂತಿ: ಹೇಳಲು ಬಂದ ಮಗುವನ್ನು ಬೈಯಬೇಡಿರಿ, ಕೈಗೆ ಒಂದು ಒಣ ಅರಿವೆ ಕೊಡಿರಿ. ಬೈದರೆ ಮಗು ಕಲಿಯುವುದು ಜೋಪಾನವನ್ನಲ್ಲ, ಮುಚ್ಚಿಡುವುದನ್ನು. ಜಮಖಾನೆಯ ಕಲೆಗೆ ಇಷ್ಟೊಂದು ಉಪಾಯಗಳಿವೆ. ಆ ಅಭ್ಯಾಸವನ್ನು ಬಿಡಿಸುವುದು ಮಾತ್ರ ಬಲು ಕಷ್ಟ.